ಪ್ರೋಗ್ರಾಮಿಗೆ ಪೇಟೆಂಟ್: 3(ಕೆ) ಕಲಮಿನ ಆಚೆ ಈಚೆ

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರೈತರಿಗೆ ಕಟಾವಿನ ಸರದಿಯದೇ ಚಿಂತೆ. ನಾಟಿಯ ತಾರೀಖು, ತಳಿ, ಕಾರ್ಖಾನೆಯ ದೂರ ಎಲ್ಲ ಲೆಕ್ಕ ಹಾಕಿ ಗ್ಯಾಂಗುಗಳನ್ನು ಹೊಲಕ್ಕೆ ಕಳಿಸುವ ಆ್ಯಪ್ ಒಂದನ್ನು ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗರು ಬರೆದರೆನ್ನಿ. ಪೇಟೆಂಟ್ ಸಿಗುವುದು ಕಷ್ಟ. ಅವರೇ ಪಂಪ್‌ಸೆಟ್ಟಿನ ಕರೆಂಟು, ವೋಲ್ಟೇಜುಗಳ ಏರಿಳಿತದಿಂದಲೇ ಮೋಟಾರಿನ ವೈಂಡಿಂಗ್ ಎಷ್ಟು ಕಾದಿದೆಯೆಂದು ಅಂದಾಜಿಸಿ, ಸುಡುವ ಮೊದಲೇ ಬಂದ್ ಮಾಡುವ ಸ್ಟಾರ್ಟರ್ ಮಾಡಿದರೆ ಸಿಗಬಹುದು. ಎರಡರಲ್ಲೂ ಇರುವುದು ಪ್ರೋಗ್ರಾಮೇ.

ಈ ಗೆರೆ ಎಲ್ಲಿ ಎಳೆಯಬೇಕೆಂಬ ಜಗಳ ಹಳೆಯದು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಒಂದು ಬಗೆಯ ಸಂಖ್ಯೆಯನ್ನು ಇನ್ನೊಂದಕ್ಕೆ ಬದಲಿಸುವ ಬರೀ ಲೆಕ್ಕಕ್ಕೆ ಪೇಟೆಂಟ್ ಇಲ್ಲ ಎಂದಿತು. 1981ರಲ್ಲಿ ಅದೇ ಕೋರ್ಟ್ ರಬ್ಬರ್ ಬೇಯಿಸುವ ಅಚ್ಚಿನ ಶಾಖವನ್ನು ಕಂಪ್ಯೂಟರಿನಿಂದ ಮತ್ತೆ ಮತ್ತೆ ಲೆಕ್ಕ ಹಾಕಿ, ಹದ ಬಂದ ಕ್ಷಣ ಅಚ್ಚು ತೆರೆಯುವ ವಿಧಾನವನ್ನು ಒಪ್ಪಿತು. ಮುಂದೆ ಅಲ್ಲಿ ಬಾಗಿಲು ಅಗಲವಾಗಿ ತೆರೆದು, 2014ರ ಆಲಿಸ್ ಪ್ರಕರಣದಲ್ಲಿ ಮತ್ತೆ ಕಿರಿದಾಯಿತು.

ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಕಂಪ್ಯೂಟರಿನ ಸುದ್ದಿಯೇ ಇರಲಿಲ್ಲ. 2002ರ ತಿದ್ದುಪಡಿ 2003ರ ಮೇ 20ರಂದು ಜಾರಿಗೆ ಬಂದಾಗ 3(ಕೆ) ಹುಟ್ಟಿತು. ಅದರ ಪ್ರಕಾರ ಗಣಿತದ ವಿಧಾನ, ವ್ಯವಹಾರದ ವಿಧಾನ, ಆಲ್ಗರಿದಮ್, ಬರೀ ಪ್ರೋಗ್ರಾಮ್ ಇವು ಯಾವುವೂ ಆವಿಷ್ಕಾರವಲ್ಲ. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಈ ಕಲಮನ್ನು ಸಡಿಲಿಸಿತು. ಮರುವರ್ಷ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ಆದರೆ 'ಬರೀ' ಎಂದರೆ ಎಷ್ಟರಮಟ್ಟಿಗೆ ಬರೀ ಎಂಬುದನ್ನು ಕಾಯ್ದೆ ಹೇಳಲಿಲ್ಲ, ಪೇಟೆಂಟ್ ಕಚೇರಿಯ ಮಾರ್ಗಸೂಚಿಗಳು ಹೇಳಹೊರಟವು. 2015ರ ಆಗಸ್ಟಿನಲ್ಲಿ ಬಂದದ್ದನ್ನು ಡಿಸೆಂಬರಿನಲ್ಲಿ ತಡೆಹಿಡಿದರು. 2016ರ ಫೆಬ್ರುವರಿಯಲ್ಲಿ ಹೊಸ ಹಾರ್ಡ್‌ವೇರ್ ಇಲ್ಲದಿದ್ದರೆ ಪೇಟೆಂಟೂ ಇಲ್ಲ ಎಂದರು. 2017ರ ಜೂನಿನಲ್ಲಿ ಅದನ್ನೂ ಅಳಿಸಿದರು. ಪೇಟೆಯಲ್ಲಿ ಸಿಗುವ ಬೋರ್ಡು ಕೊಂಡು, ತಲೆಯೊಂದನ್ನೇ ಬಂಡವಾಳ ಮಾಡಿಕೊಂಡವರಿಗೆ 2016ರ ಆ ನಿಯಮ ಎಲ್ಲಕ್ಕಿಂತ ಕಠಿಣವಾಗಿತ್ತು.

ದಾರಿ ತಿಳಿಯಾದದ್ದು ಕೋರ್ಟಿನಲ್ಲಿ. ಟ್ಯುನೀಷಿಯಾದ ಫರೀದ್ ಅಲ್ಲಾನಿ 2002ರಲ್ಲಿ ಹಾಕಿದ ಅರ್ಜಿಯ ಬಗ್ಗೆ 2019ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿನ ನ್ಯಾ. ಪ್ರತಿಭಾ ಸಿಂಗ್ ತೀರ್ಪು ಕೊಟ್ಟರು. ಪ್ರೋಗ್ರಾಮ್ ಇದೆ ಎಂಬ ಒಂದೇ ಕಾರಣಕ್ಕೆ ತಳ್ಳಬೇಡಿ, ತಾಂತ್ರಿಕ ಪರಿಣಾಮ ಇದೆಯೇ ನೋಡಿ ಎಂಬುದು ಅದರ ಸಾರ. ಅಲ್ಲಾನಿಗೆ ಪೇಟೆಂಟ್ ಮಂಜೂರಾಗುವ ಹೊತ್ತಿಗೆ 20 ವರ್ಷದ ಅವಧಿಯ ಬಹುಪಾಲು ಕಚೇರಿ, ಕೋರ್ಟುಗಳಲ್ಲೇ ಕರಗಿತ್ತು. ವ್ಯವಹಾರದ ವಿಧಾನಕ್ಕೆ ಮಾತ್ರ ಈ ಪರೀಕ್ಷೆಯೂ ದಾರಿ ಬಿಡದು. ಅದೇ ಹೈಕೋರ್ಟಿನ 2023ರ ಓಪನ್‌ಟಿವಿ ತೀರ್ಪು ಅದನ್ನು ಖಚಿತಪಡಿಸಿ, ಈ ನಿಷೇಧವನ್ನು ಶಾಸಕಾಂಗ ಮರುಪರಿಶೀಲಿಸಲಿ ಎಂದೂ ಹೇಳಿತು. ಕಟಾವಿನ ಆ್ಯಪ್ ಎಡವುವುದು ಇಲ್ಲೇ. 2025ರ ಜುಲೈನಲ್ಲಿ ಮಾರ್ಗಸೂಚಿ ಮತ್ತೆ ಪರಿಷ್ಕೃತವಾಯಿತು.

ಬಾಗಿಲು ತೆರೆದದ್ದೆಲ್ಲ ಲಾಭವೇ ಎಂದೂ ಅಲ್ಲ. ಈ ಕಲಮಿನ ಹೈಕೋರ್ಟ್ ಪ್ರಕರಣಗಳ ಹೆಸರು ನೋಡಿ: ಮೈಕ್ರೋಸಾಫ್ಟ್, ರೇಥಿಯಾನ್, ಬ್ಲ್ಯಾಕ್‌ಬೆರಿ. ದೊಡ್ಡವರಿಗೆ ಸಿಗುವ ಒಂದೊಂದು ಪೇಟೆಂಟೂ ಘಟಪ್ರಭೆಯ ದಂಡೆಯ ಸಣ್ಣ ಕಂಪನಿಗೆ ಒಂದೊಂದು ಬೇಲಿ. 2005ರಲ್ಲಿ ಸಡಿಲಿಕೆಯನ್ನು ವಿರೋಧಿಸಿದವರ ಮಾತಿನಲ್ಲಿ ಹುರುಳಿತ್ತು.

ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟು ಹಂಚುತ್ತಿದೆ. ಅಲ್ಲಿ ಆ ಸ್ಟಾರ್ಟರ್ ಮಾಡುವವರು ಅರ್ಜಿಯಲ್ಲಿ ಏನು ಬರೆಯಬೇಕು? 'ರೈತರಿಗೆ ಅನುಕೂಲ' ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ಅಳತೆ ಒಳಗೆ ಬರುತ್ತದೆ, ಯಾವ ರಿಲೇ ಯಾವಾಗ ಬೀಳುತ್ತದೆ, ಹಳೆಯ ಓವರ್‌ಲೋಡ್ ರಿಲೇಗಿಂತ ಎಷ್ಟು ಬೇಗ ಎಂಬುದೆಲ್ಲ ಸಲ್ಲಿಸುವ ಪೂರ್ಣ ವಿವರಣೆಯಲ್ಲೇ ಇರಬೇಕು, ಆಮೇಲೆ ಹೊಸ ವಿಷಯ ಸೇರಿಸಲು ಬಿಡುವುದಿಲ್ಲ. ಮೊಬೈಲಿನಿಂದ ಪಂಪು ಚಾಲೂ ಮಾಡುವುದು ಈಗಾಗಲೇ ಪೇಟೆಯಲ್ಲಿರುವುದರಿಂದ ಅದನ್ನು ಹೊಸತೆನ್ನುವಂತಿಲ್ಲ.

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಆನ್‌ಲೈನಿನಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಸ್ಟಾರ್ಟಪ್‌ಗೆ ಅರ್ಜಿ ಶುಲ್ಕ ₹1,600, ದೊಡ್ಡ ಕಂಪನಿಗೆ ₹8,000. ಜೇಬಿಗೆ ಹೊರೆಯಾಗುವುದು ಏಜೆಂಟರ ಫೀಸು. ಬರೆದ ಕೋಡಿಗೆ ಕೃತಿಸ್ವಾಮ್ಯ ತಾನಾಗಿಯೇ ಇರುತ್ತದೆ, ಆದರೆ ಅದರ ಹಿಂದಿನ ವಿಚಾರವನ್ನು ಇನ್ನೊಬ್ಬರು ಬೇರೆ ಕೋಡಿನಲ್ಲಿ ಬರೆದರೆ ತಡೆಯಲಾಗದು. ಯಂತ್ರವನ್ನು ಧಾರವಾಡದ ಕೃಷಿ ಮೇಳದ ಸ್ಟಾಲಿನಲ್ಲಿ ಬಿಚ್ಚಿ ತೋರಿಸಿದ ಮೇಲೆ ಅರ್ಜಿ ಹಾಕಿದರೆ ಹೊಸತನವೇ ಹೋಯಿತು ಎನ್ನಿಸಿಕೊಳ್ಳುವ ಅಪಾಯವಿದೆ. ಮೇಳದ ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ.