ಸೆಲ್ಬೋರ್ನ್ ಪಾದ್ರಿಯ ತೋಟ: ಮಣ್ಣು ಮತ್ತು ದಿನಚರಿಯ ಪಾಠ

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತ್ಯದ ಸೆಲ್ಬೋರ್ನ್ ಗ್ರಾಮದಲ್ಲಿ ‘ದಿ ವೇಕ್ಸ್’ ಎಂಬ ಹಳೆಯ ಮನೆ ಹಾಗೂ ಅದರ ತೋಟವನ್ನು ಇಂದಿಗೂ ಸಂರಕ್ಷಿಸಲಾಗಿದೆ. ಇಲ್ಲಿ ವಾಸವಾಗಿದ್ದವರು ಪಾದ್ರಿ ಗಿಲ್ಬರ್ಟ್ ವೈಟ್ (1720–1793). ಅವರು ಜನಿಸಿದ್ದು ಅದೇ ಗ್ರಾಮದಲ್ಲಿ, ಚರ್ಚಿನ ಪಾದ್ರಿಯಾಗಿದ್ದ ತಮ್ಮ ಅಜ್ಜನ ಅಧಿಕೃತ ನಿವಾಸದಲ್ಲಿ.

ಮಣ್ಣಿನ ಸುಧಾರಣೆ

ಗ್ರಾಮದ ಬೀದಿಯ ಒಂದು ಬದಿಯಲ್ಲಿ ಹುಡಿಯಾದ ಫಲವತ್ತಾದ ಮಣ್ಣು, ಇನ್ನೊಂದು ಬದಿಯಲ್ಲಿ ಗಟ್ಟಿ ಜೇಡಿ ಮಣ್ಣು. ಜೇಡಿ ಮಣ್ಣನ್ನು ಹದಕ್ಕೆ ತರಲು ಹಲವು ವರ್ಷಗಳ ದುಡಿಮೆ ಬೇಕೆಂದು ವೈಟ್ ದಾಖಲಿಸಿದ್ದಾರೆ. ಕಲ್ಲಂಗಡಿ ಜಾತಿಯ ಹಣ್ಣು ಮತ್ತು ಸೌತೆಯನ್ನು ಚಳಿಯ ನಾಡಿನಲ್ಲಿ ಬೆಳೆಯಲು ಅವರು ‘ಬಿಸಿ ಮಡಿ’ಗಳನ್ನು ನಿರ್ಮಿಸುತ್ತಿದ್ದರು. ಹಸಿ ಗೊಬ್ಬರವನ್ನು ದಪ್ಪನಾಗಿ ಪೇರಿಸಿ, ಮೇಲೆ ಮಣ್ಣು ಹರಡಿ, ಗಾಜಿನ ಚೌಕಟ್ಟು ಮುಚ್ಚುವುದು ಇದರ ವಿಧಾನ. ಗೊಬ್ಬರ ಕಳಿಯುವಾಗ ಸೂಕ್ಷ್ಮಜೀವಿಗಳು ಹೊರಸೂಸುವ ಶಾಖವೇ ಸಸಿಗಳಿಗೆ ಆಸರೆಯಾಗುತ್ತಿತ್ತು. ಕಳಿತ ಗೊಬ್ಬರವು ಮುಂದೆ ಮಣ್ಣಿಗೂ ಉಪಯುಕ್ತ.

ಎರೆಹುಳುವಿನ ಮಹತ್ವ

ಅಂದಿನ ತೋಟಗಾರರೂ ಕೃಷಿಕರೂ ಎರೆಹುಳುವನ್ನು ಪೀಡೆಯೆಂದು ದ್ವೇಷಿಸುತ್ತಿದ್ದರು. ಆದರೆ ವೈಟ್ 1777ರ ಪತ್ರವೊಂದರಲ್ಲಿ, ಎರೆಹುಳುಗಳು ಮಣ್ಣನ್ನು ಕೊರೆದು ಸಡಿಲಗೊಳಿಸಿ ಮಳೆನೀರಿಗೂ ಬೇರಿಗೂ ದಾರಿಮಾಡುತ್ತವೆ, ಎಲೆ ಮತ್ತು ಹುಲ್ಲಿನ ಕಡ್ಡಿಗಳನ್ನು ಒಳಗೆಳೆಯುತ್ತವೆ, ಅವುಗಳ ಹಿಕ್ಕೆ ಉತ್ತಮ ಗೊಬ್ಬರ ಎಂದು ವಿವರಿಸಿದರು. ಎರೆಹುಳುಗಳ ಕುರಿತು ಚಾರ್ಲ್ಸ್ ಡಾರ್ವಿನ್‌ರ ಗ್ರಂಥ ಪ್ರಕಟವಾದದ್ದು ಒಂದು ಶತಮಾನದ ತರುವಾಯ, 1881ರಲ್ಲಿ.

ದಿನಚರಿಯ ಬಲ

ವೈಟ್ 1751ರಿಂದ ತೋಟದ ದಿನಚರಿಯನ್ನೂ, 1768ರಿಂದ ಮರಣದವರೆಗೆ ಪ್ರಕೃತಿಯ ದಿನಚರಿಯನ್ನೂ ಬರೆದರು. ಬಿತ್ತನೆ, ಹೂವು, ಹಿಮ, ಪಕ್ಷಿಗಳ ಆಗಮನ ಮುಂತಾದವನ್ನು ದಿನಾಂಕ ಸಹಿತ ಗುರುತಿಸಿದರು. ಮಳೆಯನ್ನೂ ಅಳೆದರು. 1789ರಲ್ಲಿ ಪ್ರಕಟವಾದ ಸೆಲ್ಬೋರ್ನ್‌ನ ನಿಸರ್ಗ ಚರಿತ್ರೆಗೆ ಈ ನಿರಂತರ ವೀಕ್ಷಣೆಯೇ ಅಡಿಪಾಯ.

ತಾವು ಅನುಸರಿಸಬಹುದಾದ ಕ್ರಮಗಳು

• ಬಿತ್ತನೆಯ ದಿನ, ಮಳೆಯ ಪ್ರಮಾಣ, ಕೀಟ ಮೊದಲು ಕಂಡ ದಿನ ಹಾಗೂ ಇಳುವರಿಯನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ.
• ಪ್ರತಿ ವರ್ಷ ಮಳೆಗಾಲದಲ್ಲಿ, ಮಣ್ಣು ಹಸಿಯಿರುವಾಗ, ಒಂದು ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು ಎರೆಹುಳುಗಳನ್ನು ಎಣಿಸಿ.
• ಬೆಳೆಯುಳಿಕೆಯನ್ನು ಸುಡದೆ ಮಣ್ಣಿಗೆ ಹೊದಿಸಿ.

ಎರೆಹುಳುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಇಳುವರಿ ಕುಸಿಯುವವರೆಗೆ ಕಾಯದೆ ಮಣ್ಣು ಪರೀಕ್ಷೆ ಮಾಡಿಸಿ. ಬರೆದಿಟ್ಟ ಲೆಕ್ಕವಿಲ್ಲದಿದ್ದರೆ ಈ ಇಳಿಕೆ ಗಮನಕ್ಕೇ ಬಾರದು.