ತರಂಗಮಾರ್ಗದ ಮಾಪನ: ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ಪರಂಪರೆ

ಸಂಚಾರಿ ದೂರವಾಣಿಯ ನೆಲೆಗೋಪುರವೊಂದರಲ್ಲಿ ಆಂಟೆನಾಗಳ ಸಂಖ್ಯೆಯನ್ನು ಮಿತಿಯಿಲ್ಲದೆ ಹೆಚ್ಚಿಸುತ್ತ ಹೋದರೆ ಗದ್ದಲವೂ ಸಂಕೇತದ ಏರಿಳಿತವೂ ನಗಣ್ಯವಾಗುವುವೆಂದು ಬೆಲ್ ಪ್ರಯೋಗಶಾಲೆಯ ಥಾಮಸ್ ಮಾರ್ಜೆಟ್ಟಾ ಅವರು 2010ರಲ್ಲಿ ಗಣಿತಮುಖೇನ ಪ್ರತಿಪಾದಿಸಿದರು. ಭಿನ್ನ ಭಿನ್ನ ಬಳಕೆದಾರರ ತರಂಗಮಾರ್ಗಗಳು ಒಂದನ್ನೊಂದು ಹೋಲವೆಂಬ ಊಹೆ ಆ ಸಿದ್ಧಾಂತದ ತಳದಲ್ಲಿದ್ದಿತು. ಗೋಡೆ, ಮರ, ವಾಹನಗಳಿಂದ ತುಂಬಿದ ಬೀದಿ ಈ ಊಹೆಯನ್ನು ಎಷ್ಟರಮಟ್ಟಿಗೆ ಮನ್ನಿಸುವುದೆಂಬುದು ಕಾಗದದ ಮೇಲೆ ಇತ್ಯರ್ಥವಾಗತಕ್ಕ ವಿಷಯವಲ್ಲ. ಬಯಲಿಗಿಳಿದು ಅಳೆದೇ ತಿಳಿಯಬೇಕು.

ಈ ಮಾಪನವಿದ್ಯೆಯ ಮೂಲವನ್ನರಸುತ್ತ ಹೋದವನು ದೂರವಾಣಿ ಸಂಸ್ಥೆಗಳಿಗಿಂತ ಮೊದಲು, ಲಾಸ್ ಏಂಜಲೀಸಿಗೆ ಹೊಂದಿಕೊಂಡ ಪ್ಯಾಸಡೀನಾದ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯನ್ನು ತಲಪುತ್ತಾನೆ. 1950ರ ದಶಕದ ಉತ್ತರಾರ್ಧದಲ್ಲಿ ಸಾಲೊಮನ್ ಗೊಲಂಬ್ ಮತ್ತು ಆಂಡ್ರ್ಯೂ ವಿಟರ್ಬಿ ಅಲ್ಲಿ ಸಹೋದ್ಯೋಗಿಗಳಾಗಿದ್ದರು. ಯಾದೃಚ್ಛಿಕವೆಂಬ ಭ್ರಮೆ ಹುಟ್ಟಿಸಿಯೂ ನಿಯಮಬದ್ಧವಾಗಿಯೇ ಇರುವ ಅಂಕಶ್ರೇಣಿಗಳ ಶಾಸ್ತ್ರವನ್ನು ಕಟ್ಟಿದವರಲ್ಲಿ ಗೊಲಂಬ್ ಅಗ್ರಗಣ್ಯರು. 1961ರ ಮಾರ್ಚಿನಲ್ಲಿ ಅದೇ ಪ್ರಯೋಗಶಾಲೆಯವರು ಗೋಲ್ಡ್‌ಸ್ಟೋನ್ ಮರುಭೂಮಿಯಿಂದ ಶುಕ್ರಗ್ರಹಕ್ಕೆ ರೇಡಾರ್ ಸಂಕೇತವನ್ನು ಕಳುಹಿಸಿ, ಆರು ನಿಮಿಷಗಳಿಗೂ ಮಿಕ್ಕಿ ಕಾದು, ಮರುದನಿಯನ್ನು ಹಿಡಿದರು. ತಾನು ಕಳುಹಿಸಿದ ಶ್ರೇಣಿಯನ್ನು ಬಲ್ಲವನು ಮರಳಿ ಬಂದುದನ್ನು ಅದರೊಡನೆ ಹೋಲಿಸಿ ನಡುವಣ ದಾರಿಯನ್ನರಿಯುವನು. ಗ್ರಹಕ್ಕೆ ಸಲ್ಲುವ ಈ ನ್ಯಾಯವೇ ಬೀದಿಯ ಗೋಡೆಗೂ ಸಲ್ಲುತ್ತದೆ. ಇದೇ ಶ್ರೇಣಿಶಾಸ್ತ್ರದಲ್ಲಿ ಹೆಸರಾದ ಪಿ. ವಿಜಯ್ ಕುಮಾರ್ ಅವರು ಸದರನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1983ರಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಅಧ್ಯಾಪಕರಾಗಿದ್ದು, 2003ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರೆಂಬುದು ನಮಗೆ ಸಂತೋಷದ ಸಂಗತಿ.

ಸ್ಯಾನ್ ಡಿಯೆಗೊದಲ್ಲಿ 1985ರಲ್ಲಿ ಅರ್ವಿನ್ ಜೇಕಬ್ಸ್, ವಿಟರ್ಬಿ ಮೊದಲಾದವರು ಕ್ವಾಲ್ಕಾಮ್ ಸಂಸ್ಥೆಯನ್ನು ಸ್ಥಾಪಿಸಿದರು. 1989ರ ನವೆಂಬರ್ 7ರಂದು ಅವರು ಆ ನಗರದಲ್ಲಿ, ಬೇರೆ ಬೇರೆ ಅಂಕಶ್ರೇಣಿಗಳಿಂದ ಗುರುತಿಸಿ ಅನೇಕರ ಮಾತನ್ನು ಒಂದೇ ತರಂಗಪಟ್ಟಿಯಲ್ಲಿ ಸಾಗಿಸುವ ಸಿಡಿಎಂಎ ಪದ್ಧತಿಯನ್ನು ಪ್ರದರ್ಶಿಸಿದಾಗ ಉಪಗ್ರಹಾಧಾರಿತ ಕಾಲಹೊಂದಾಣಿಕೆ ಕೈಕೊಟ್ಟುದರಿಂದ, ಅದು ಸರಿಹೋಗುವ ತನಕ ಜೇಕಬ್ಸ್ ತಮ್ಮ ಭಾಷಣವನ್ನು ಎಳೆಯಬೇಕಾಯಿತಂತೆ! ಗಡಿಯಾರದ ಈ ಕಾಟ ಮಾಪಕರಿಗೂ ತಪ್ಪಿದುದಲ್ಲ: ದೂರದೂರದಲ್ಲಿರುವ ಪ್ರೇಷಕ ಗ್ರಾಹಕಗಳೆರಡೂ ಒಂದೇ ಕಾಲವನ್ನು ಕಾಣದಿದ್ದರೆ ವಿಳಂಬದ ಲೆಕ್ಕವೆಲ್ಲ ನಿರರ್ಥಕ.

ಅದಕ್ಕಿಂತ ಕಠಿನವಾದ ತೊಡಕೆಂದರೆ ತ್ವರೆ. ಆಂಟೆನಾವನ್ನು ಯಂತ್ರದಿಂದ ತಿರುಗಿಸುತ್ತ ದಿಕ್ಕುದಿಕ್ಕಿಗೂ ಅಳೆಯುವಷ್ಟರಲ್ಲಿ ನಿಮಿಷಗಳೇ ಉರುಳಿ, ಮೊದಲು ಅಳೆದ ಮಾರ್ಗವು ಕೊನೆಯ ವೇಳೆಗೆ ಮಾರ್ಪಟ್ಟಿರುತ್ತದೆ. ಸದರನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಮೋಲಿಷ್ ಅವರ ತಂಡವು ಇದಕ್ಕೆ ಪರಿಹಾರವಾಗಿ 28 ಗಿಗಾಹರ್ಟ್ಸ್‌ನ ಮಾಪಕವೊಂದನ್ನು ರಚಿಸಿತು. ವಿದ್ಯುನ್ಮಾನದಿಂದಲೇ ಕಿರಣವನ್ನು ಹೊರಳಿಸುವ ಆ ಯಂತ್ರವು ಎರಡು ತುದಿಗಳ ತಲಾ 19 ದಿಕ್ಕುಗಳನ್ನು ಜೋಡಿಸಿ 361 ಜೋಡಿಗಳನ್ನು 1.44 ಮಿಲಿಸೆಕೆಂಡಿನಲ್ಲಿ ಅಳೆಯಬಲ್ಲುದು. ಆಂಟೆನಾಗಳನ್ನು ಒಂದೆಡೆ ಕೂಡಿಡದೆ ಊರೆಲ್ಲ ಚದುರಿಸುವ ಪದ್ಧತಿಯ ಪರೀಕ್ಷೆಗಾಗಿ ಅದೇ ತಂಡದವರು 3.5 ಗಿಗಾಹರ್ಟ್ಸ್‌ನಲ್ಲಿ ಡ್ರೋನ್ ಹಾರಿಸಿ ಸಾವಿರಾರು ಸ್ಥಾನಗಳಿಂದ ಮಾಪನ ನಡೆಸಿದರು. ಮಾರ್ಜೆಟ್ಟಾ ಅವರ ಗಣಿತದಷ್ಟೇ ಗೌರವ ಈ ಶ್ರಮಕ್ಕೂ ಸಲ್ಲಬೇಕೆಂಬುದು ನನ್ನ ಮತ.

ಆದರೆ ತಾಳೆಸಾಲಿನ ಅಗಲವಾದ ಬೀದಿಗಳಲ್ಲಿ ದೊರೆತ ಅಂಕಿಗಳು ಚಿಕ್ಕಪೇಟೆಯ ಸಂದಿಗಳಿಗೂ ಮಲೆನಾಡಿನ ಅಡಕೆತೋಟಗಳಿಗೂ ಹಾಗೆಯೇ ಅನ್ವಯಿಸಲಾರವು. ಇಲ್ಲಿನ ತರಂಗಮಾರ್ಗಗಳನ್ನು ನಮ್ಮ ವಿದ್ಯಾಸಂಸ್ಥೆಗಳ ತರುಣರೇ ಅಳೆದು, ಫಲಿತಾಂಶವನ್ನು ಕನ್ನಡದಲ್ಲಿಯೂ ಪ್ರಕಟಿಸಲಿ.