ಹಂದಿಗೋಡು: ಏಡಿಯಿಂದ ವಂಶವಾಹಿಯವರೆಗೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಮಲೆನಾಡಿನ ಒಂದು ಸಾಧಾರಣ ಹಳ್ಳಿ. 1975ರ ಸುಮಾರಿಗೆ ಇಲ್ಲಿನ ದಲಿತ ಕೂಲಿಕಾರರ ಮನೆಗಳಲ್ಲಿ ವಿಚಿತ್ರ ಕಾಯಿಲೆಯೊಂದು ವೈದ್ಯರ ಗಮನಕ್ಕೆ ಬಂತು. ಸೊಂಟದ ಕೀಲಿನಲ್ಲಿ, ಮೊಣಕಾಲಿನಲ್ಲಿ ನೋವು ಶುರುವಾಗುತ್ತಿತ್ತು. ವರ್ಷ ಕಳೆದಂತೆ ನಡಿಗೆ ವಾಲಿ, ಕೈಗೆ ಕೋಲು ಬಂದು, ಕೊನೆಗೆ ಕೆಲವರು ನೆಲದ ಮೇಲೆ ತೆವಳುವ ಸ್ಥಿತಿಗೆ ಬರುತ್ತಿದ್ದರು. ಎತ್ತರ ಬೆಳೆಯದೆ ಕುಳ್ಳರಾಗಿ ಉಳಿದವರೂ ಇದ್ದರು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ತಜ್ಞರು ಬಂದು ಪರೀಕ್ಷಿಸಿದರು. 1978ರಲ್ಲಿ ಪ್ರಕಟವಾದ ಅವರ ವರದಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆಯಿತು. ಜನರ ಬಾಯಲ್ಲಿ ಮಾತ್ರ ಉಳಿದದ್ದು ‘ಹಂದಿಗೋಡು ಕಾಯಿಲೆ’. ಪಕ್ಕದ ಊರುಗಳಲ್ಲೂ ರೋಗಿಗಳಿದ್ದರು. ಕಳಂಕ ಹೊತ್ತದ್ದು ಒಂದೇ ಊರು.

ಆಗ ಹೆಚ್ಚು ಚರ್ಚೆಗೆ ಬಂದದ್ದು ಏಡಿ. ಹೊಸ ಭತ್ತದ ತಳಿಗಳ ಜೊತೆ ಗದ್ದೆಗೆ ಎಂಡ್ರಿನ್, ಪ್ಯಾರಾಥಿಯಾನ್‌ನಂತಹ ಕೀಟನಾಶಕಗಳು ಬಂದಿದ್ದವು. ಬಡವರು ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದರು. ವಿಷ ಆ ದಾರಿಯಲ್ಲಿ ಮೈ ಸೇರಿತೆಂಬ ಶಂಕೆ ಸಹಜವಾಗಿಯೇ ಇತ್ತು. ಒಂದೇ ಮನೆಯ ಹಲವರಿಗೆ ರೋಗ ಬಂದರೆ ಕಾರಣ ರಕ್ತಸಂಬಂಧವೋ, ಒಂದೇ ಒಲೆಯ ಅಡುಗೆಯೋ ಎಂದು ಹೇಳುವುದು ಸುಲಭವಲ್ಲ.

ಗಂಟು ಬಿಡಿಸಲು ನೆರವಾದದ್ದು ಎಕ್ಸ್‌-ರೇ ಮತ್ತು ವಂಶವೃಕ್ಷ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮೂಳೆಯ ಬೆಳವಣಿಗೆಯಲ್ಲೇ ಇರುವ ದೋಷವೆಂದು ಗುರುತಿಸಿತು. ಬೆನ್ನುಮೂಳೆಯ ಬಿಲ್ಲೆಗಳು ಮತ್ತು ಉದ್ದ ಮೂಳೆಗಳ ಬೆಳೆಯುವ ತುದಿಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಅಂಕುಡೊಂಕಾದ ಕೀಲು ಬೇಗ ಸವೆಯುತ್ತದೆ. ಸಂಧಿವಾತ ಅದರ ಪರಿಣಾಮ. ತಂದೆ ಅಥವಾ ತಾಯಿ, ಒಬ್ಬರಲ್ಲಿ ದೋಷವಿದ್ದರೂ ಸಾಕು, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧದಷ್ಟು. ಪ್ರತಿ ಹೆರಿಗೆಯಲ್ಲೂ ನಾಣ್ಯ ಹೊಸದಾಗಿ ಚಿಮ್ಮಿದಂತೆ. ಸೋದರಸಂಬಂಧದ ಮದುವೆಯೇ ಇದಕ್ಕೆ ಮೂಲವೆಂಬ ಮಾತಿದೆ. ಆದರೆ ಒಬ್ಬರಿಂದಲೇ ದಾಟುವ ದೋಷಕ್ಕೆ ಅಂಥ ಮದುವೆಯ ಅಗತ್ಯವಿಲ್ಲ.

ಕಾರಣ ತಿಳಿದರೂ ಅದನ್ನು ಸರಿಪಡಿಸುವ ಔಷಧವಿಲ್ಲ. ನೋವಿಗೆ ಮಾತ್ರೆ, ಸ್ನಾಯುಗಳಿಗೆ ವ್ಯಾಯಾಮ. ಸೊಂಟದ ಕೀಲು ಪೂರ್ತಿ ಸವೆದರೆ ಶಸ್ತ್ರಚಿಕಿತ್ಸೆಯಿಂದ ಕೃತಕ ಕೀಲು. ಅದರಿಂದ ನೋವು ತಗ್ಗಿ ನಡೆದಾಡಲು ಸಾಧ್ಯ. ಆದರೆ ಕೀಲು ಜಾರದಂತೆ ಕುಕ್ಕರುಗಾಲಿನಲ್ಲಿ ಕೂರಬಾರದು, ಹೆಚ್ಚು ಬಗ್ಗಬಾರದು ಎಂದು ವೈದ್ಯರು ಸಾಮಾನ್ಯವಾಗಿ ಎಚ್ಚರಿಸುತ್ತಾರೆ. ಮಲೆನಾಡಿನ ಕೂಲಿಯವರಿಗೆ ಮಳೆಗಾಲದಲ್ಲಿ ಸಿಗುವ ಕೆಲಸ ನಾಟಿ. ಅದನ್ನು ದಿನವಿಡೀ ಕೆಸರಿನಲ್ಲಿ ಬಗ್ಗಿಯೇ ಮಾಡಬೇಕು.